ಮೀನಿನ ಅಕ್ಷಿಪಟಲದಲ್ಲಿ ನರಪ್ರೇಷಕದ ಬಿಡುಗಡೆಯನ್ನು ರಿಸೆಪ್ಟರ್‌ಗಳು ಹೇಗೆ ಹತೋಟಿಯಲ್ಲಿಡುತ್ತವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಕಣ್ಣಿನ ಪಾಠ ಬಂದಾಗಲೆಲ್ಲ ಎದುರಾಗುವ ಪ್ರಶ್ನೆಗಳು ಇವು. ಕೆಲವು ಎಂ.ಎಸ್ಸಿ. ವಿದ್ಯಾರ್ಥಿಗಳವು, ಕೆಲವು ಮನೆಯಲ್ಲಿ ಮೀನು ಸಾಕಿರುವ ಪರಿಚಿತರವು. ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲದಲ್ಲಿ ದ್ಯುತಿಗ್ರಾಹಿ ಕೋಶ ಬೆಳಕನ್ನು ಹಿಡಿದು, ನರಪ್ರೇಷಕವೆಂಬ ರಾಸಾಯನಿಕದ ಮೂಲಕ ಮುಂದಿನ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ ಎಂಬಲ್ಲಿಗೆ ಪಠ್ಯಪುಸ್ತಕಗಳು ಮಾತು ಮುಗಿಸುತ್ತವೆ. ಆದರೆ ಸುದ್ದಿ ಎಷ್ಟು ಹೋಗಬೇಕು ಎಂಬುದನ್ನು ಆ ಕೋಶವೊಂದೇ ನಿರ್ಧರಿಸುವುದಿಲ್ಲ, ಅದರ ಬುಡದಲ್ಲಿ ನೆರೆಕೋಶಗಳೂ ಕೂಡಿ ನಿರ್ಧರಿಸುತ್ತವೆ. ಇಲ್ಲಿನ ಉತ್ತರಗಳೆಲ್ಲ ಆ ಬುಡದ ಸುತ್ತಲಿನವು.

‘ಗ್ರಾಹಿ’ ಎಂಬ ಪದ ಎರಡು ಅರ್ಥದಲ್ಲಿ ಬರುತ್ತದೆ. ಯಾವುದು ಯಾವುದು?

ಈ ಗೊಂದಲ ಸಹಜವಾದದ್ದು. ದ್ಯುತಿಗ್ರಾಹಿ ಎಂದರೆ ಬೆಳಕನ್ನು ಹಿಡಿಯುವ ಇಡೀ ಜೀವಕೋಶ. ಮಂದ ಬೆಳಕಿಗೆ ದಂಡಕೋಶ, ಹಗಲಿಗೂ ಬಣ್ಣಕ್ಕೂ ಶಂಕುಕೋಶ. ರಿಸೆಪ್ಟರ್ ಎಂದು ನಾವು ಪ್ರಯೋಗಾಲಯದಲ್ಲಿ ಹೇಳುವುದು ಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಒಂದು ಪ್ರೋಟೀನನ್ನು. ನಿರ್ದಿಷ್ಟ ರಾಸಾಯನಿಕವೊಂದು ಬಂದು ಅಂಟಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಒಂದು ದ್ಯುತಿಗ್ರಾಹಿ ಕೋಶದ ಮೇಲೆ ಡೋಪಮಿನ್, ಅಡಿನೋಸಿನ್, ಗಾಬಾ ಎಂಬ ರಾಸಾಯನಿಕಗಳಿಗೆ ಬೇರೆ ಬೇರೆ ರಿಸೆಪ್ಟರ್‌ಗಳಿರಬಹುದು. ಈ ಪುಟದಲ್ಲಿ ಕೋಶಕ್ಕೆ ದ್ಯುತಿಗ್ರಾಹಿ ಎಂದೂ ಪ್ರೋಟೀನಿಗೆ ರಿಸೆಪ್ಟರ್ ಎಂದೂ ಬರೆದಿದ್ದೇನೆ.

ಬೆಳಕು ಬಿದ್ದಾಗ ನರಪ್ರೇಷಕ ಹೆಚ್ಚು ಹೊರಬರುತ್ತದೆಯೇ?

ಇಲ್ಲ, ಕಡಿಮೆಯಾಗುತ್ತದೆ. ಇದನ್ನು ಮನಸ್ಸಿಗೆ ತಂದುಕೊಳ್ಳದಿದ್ದರೆ ಮುಂದಿನ ಯಾವ ಉತ್ತರವೂ ಅರ್ಥವಾಗುವುದಿಲ್ಲವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕತ್ತಲೆಯಲ್ಲಿ ದ್ಯುತಿಗ್ರಾಹಿ ಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಅಣು ಸಾಕಷ್ಟಿರುತ್ತದೆ. ಅದು ಪೊರೆಯ ಚಾನಲ್‌ಗಳನ್ನು (ಅಯಾನುಗಳು ದಾಟುವ ದ್ವಾರಗಳನ್ನು) ತೆರೆದಿಡುವುದರಿಂದ ಸೋಡಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಒಳಬರುತ್ತಲೇ ಇದ್ದು, ಕೋಶದ ಒಳಗಿನ ವೋಲ್ಟೇಜು ಸುಮಾರು ಮೈನಸ್ 40 ಮಿಲಿವೋಲ್ಟ್‌ನಲ್ಲಿ ನಿಂತಿರುತ್ತದೆ. ಬೆಳಕು ಬಿದ್ದರೆ ಸೈಕ್ಲಿಕ್ ಜಿಎಂಪಿ ಒಡೆದುಹೋಗಿ, ಚಾನಲ್‌ಗಳು ಮುಚ್ಚಿಕೊಂಡು, ವೋಲ್ಟೇಜು ಮೈನಸ್ 60ರ ಆಸುಪಾಸಿಗೆ ಇಳಿಯುತ್ತದೆ. ಜಪಾನಿನ ಸುನೆಯೊ ತೋಮಿತ 1965ರಲ್ಲಿ ಗೆಂಡೆ ಮೀನಿನ ಶಂಕುಕೋಶದೊಳಗೆ ಸೂಕ್ಷ್ಮ ವಿದ್ಯುದ್ವಾರವನ್ನು ಇಳಿಸಿ ಇದನ್ನು ಕಂಡರು. ಅಷ್ಟು ಸಣ್ಣ ಕೋಶವನ್ನು ಗಾಜಿನ ಮೊನೆಯಿಂದ ಚುಚ್ಚುವುದು ಕಷ್ಟವಾದ್ದರಿಂದ, ಅಕ್ಷಿಪಟಲವನ್ನು ಇರಿಸಿದ ಪೀಠವನ್ನೇ ಕ್ಷಣಮಾತ್ರ ಮೇಲಕ್ಕೆ ಕುಲುಕಿ ಕೋಶವು ತಾನಾಗಿ ಮೊನೆಗೆ ಸಿಕ್ಕಿಕೊಳ್ಳುವಂತೆ ಮಾಡುವ ಉಪಾಯವನ್ನು ಅವರು ಕಂಡುಕೊಂಡಿದ್ದರು. ಪ್ರಚೋದನೆ ಸಿಕ್ಕರೆ ನರಕೋಶದ ವೋಲ್ಟೇಜು ಏರಬೇಕು ಎಂಬ ರೂಢಿಯ ತಿಳಿವಳಿಕೆಗೆ ಈ ಫಲಿತಾಂಶ ಪೂರ್ತಿ ಎದುರಾಗಿತ್ತು.

ವೋಲ್ಟೇಜು ಏರಿದಷ್ಟೂ ನರಪ್ರೇಷಕ ಹೆಚ್ಚು ಹೊರಬರುವುದು ಸಿನಾಪ್ಸ್‌ನ, ಅಂದರೆ ಎರಡು ಕೋಶಗಳು ಸುದ್ದಿ ದಾಟಿಸಿಕೊಳ್ಳುವ ಜಾಗದ, ನಿಯಮ. ಹಾಗಿದ್ದ ಮೇಲೆ ದ್ಯುತಿಗ್ರಾಹಿ ಕತ್ತಲೆಯಲ್ಲಿ ಎಡೆಬಿಡದೆ ನರಪ್ರೇಷಕ ಸುರಿಸುತ್ತ ಬೆಳಕಿನಲ್ಲಿ ಅದನ್ನು ತಗ್ಗಿಸುತ್ತಿರಬೇಕು ಎಂದು 1968ರಲ್ಲಿ ಟ್ರಿಫೊನೊವ್ ವಾದಿಸಿದರು. 1973ರಲ್ಲಿ ಡೌಲಿಂಗ್ ಮತ್ತು ರಿಪ್ಸ್ ಸ್ಕೇಟ್ ಮೀನಿನ ಅಕ್ಷಿಪಟಲಕ್ಕೆ ಮೆಗ್ನೀಸಿಯಂ ಹೆಚ್ಚಿರುವ ದ್ರಾವಣ ಹರಿಸಿ ಸಿನಾಪ್ಸ್‌ಗಳನ್ನು ಸ್ತಬ್ಧಗೊಳಿಸಿದಾಗ, ದ್ಯುತಿಗ್ರಾಹಿಗಳಿಂದ ಸುದ್ದಿ ಪಡೆಯುವ ಮುಂದಿನ ಸಾಲಿನ ಅಡ್ಡಕೋಶಗಳು ಬೆಳಕು ಬಿದ್ದಾಗ ವರ್ತಿಸುವಂತೆಯೇ ವರ್ತಿಸಿದವು. ಬೆಳಕು ಮಾಡುತ್ತಿದ್ದುದು ಹರಿವನ್ನು ನಿಲ್ಲಿಸುವ ಕೆಲಸವೇ ಎಂಬುದಕ್ಕೆ ಇದು ಗಟ್ಟಿ ಆಧಾರವಾಯಿತು.

ನಮ್ಮ ಹಳೆ ಮೈಸೂರು ಸೀಮೆಯ ಕೆರೆಗಳನ್ನು ಕಂಡವರಿಗೆ ಇದನ್ನು ತೂಬಿನ ಮಾತಿನಲ್ಲಿ ಹೇಳಬಹುದು. ರಾತ್ರಿಯಿಡೀ ತೂಬು ತೆರೆದಿರುತ್ತದೆ, ಕಾಲುವೆಯಲ್ಲಿ ನೀರು ಹರಿಯುತ್ತಿರುತ್ತದೆ, ನೀರು ತಗ್ಗಿತೆಂಬುದೇ ಗದ್ದೆಗೆ ಮುಟ್ಟುವ ಸುದ್ದಿ. ಹರಿವು ನಿರಂತರವಾಗಿರುವುದರಿಂದಲೇ ಅದನ್ನು ಕೂದಲೆಳೆಯಷ್ಟು ಏರಿಸಲೂ ಇಳಿಸಲೂ ಸಾಧ್ಯ. ಆ ಏರಿಳಿತವನ್ನು ನೋಡಿಕೊಳ್ಳುವ ನೀರುಗಂಟಿಗಳು ಯಾರು ಎಂಬುದೇ ನಮ್ಮ ವಿಷಯ.

ಹೊರಬೀಳುವ ನರಪ್ರೇಷಕ ಯಾವುದು?

ಗ್ಲುಟಮೇಟ್. ಇದನ್ನು ನೇರವಾಗಿ ತೋರಿಸಿದ ಪ್ರಯೋಗ ಮೀನಿನಲ್ಲಲ್ಲ, ಆಮೆಯಲ್ಲಿ ನಡೆಯಿತು. 1989ರಲ್ಲಿ ಕೋಪನ್‌ಹೇಗನ್ ಮತ್ತು ಜಾರ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಯ ಮಿದುಳಿನ ನರಕೋಶದಿಂದ ಗ್ಲುಟಮೇಟ್ ರಿಸೆಪ್ಟರ್‌ಗಳಿರುವ ಪೊರೆಯ ಚೂರೊಂದನ್ನು ಗಾಜಿನ ನಳಿಕೆಯ ತುದಿಗೆ ಕಿತ್ತುಕೊಂಡು, ಅದನ್ನು ಆಮೆಯ ದ್ಯುತಿಗ್ರಾಹಿಯ ಬುಡದ ಹತ್ತಿರ ಹಿಡಿದು, ಹೊರಬೀಳುವ ಗ್ಲುಟಮೇಟನ್ನು ಅದರಿಂದಲೇ ಪತ್ತೆಹಚ್ಚಿದರು. ಮೀನಿನ ಅಡ್ಡಕೋಶಗಳೂ ಗ್ಲುಟಮೇಟ್‌ಗೇ ಸ್ಪಂದಿಸುತ್ತವೆ.

ತೂಬು ಎಲ್ಲಿದೆ?

ಕೋಶದ ಬುಡದಲ್ಲಿರುವ ಎಲ್-ಮಾದರಿಯ ಕ್ಯಾಲ್ಸಿಯಂ ಚಾನಲ್‌ಗಳೇ ತೂಬು. ಗ್ಲುಟಮೇಟ್ ತುಂಬಿದ, ಸುಮಾರು 40 ನ್ಯಾನೋಮೀಟರ್ ಅಗಲದ ಕಿರುಚೀಲಗಳು ರಿಬ್ಬನ್ ಎಂದು ಕರೆಯುವ ತೆಳುಫಲಕಕ್ಕೆ ಅಂಟಿಕೊಂಡು ಸಾಲುಗಟ್ಟಿ ನಿಂತಿರುತ್ತವೆ. ಚಾನಲ್ ತೆರೆದು ಕ್ಯಾಲ್ಸಿಯಂ ಒಳಬಂದಾಗ ಚೀಲಗಳು ಪೊರೆಯೊಂದಿಗೆ ಬೆಸೆದುಕೊಂಡು ತಮ್ಮಲ್ಲಿರುವುದನ್ನು ಹೊರಕ್ಕೆ ಸುರಿಯುತ್ತವೆ. ಸಾಮಾನ್ಯ ನರಕೋಶಗಳ ಅನೇಕ ಚಾನಲ್‌ಗಳು ಒಮ್ಮೆ ತೆರೆದು ಬೇಗನೆ ಮುಚ್ಚಿಕೊಳ್ಳುತ್ತವೆ. ಇವು ಹಾಗಲ್ಲ, ಗಂಟೆಗಟ್ಟಲೆ ತೆರೆದಿರಬಲ್ಲವು. ರಿಸೆಪ್ಟರ್‌ಗಳು ಬಿಡುಗಡೆಯನ್ನು ಬದಲಿಸುವ ಹಾದಿಗಳಲ್ಲಿ ಬಹುಪಾಲು ಕೊನೆಗೆ ಈ ಚಾನಲ್‌ಗೇ ಬಂದು ಸೇರುತ್ತವೆ.

ಅಡ್ಡಕೋಶಗಳು ದ್ಯುತಿಗ್ರಾಹಿಗೆ ಏನು ಮಾಡುತ್ತವೆ?

ಇಡೀ ವಿಷಯದ ಹೃದಯ ಇದು. ಮೂವತ್ತು ವರ್ಷಕ್ಕೂ ಮೀರಿ ನಡೆದ ಚರ್ಚೆಯೂ ಇದೇ.

ಒಂದು ಅಡ್ಡಕೋಶ ಅನೇಕ ಶಂಕುಕೋಶಗಳಿಂದ ಗ್ಲುಟಮೇಟ್ ಪಡೆಯುತ್ತದೆ, ಪಕ್ಕದ ಅಡ್ಡಕೋಶಗಳೊಂದಿಗೂ ವಿದ್ಯುತ್ ಸಂಪರ್ಕವಿಟ್ಟುಕೊಂಡಿರುತ್ತದೆ. ಹೀಗಾಗಿ ಅಕ್ಷಿಪಟಲದ ವಿಶಾಲ ಭಾಗದ ಸರಾಸರಿ ಬೆಳಕು ಅದಕ್ಕೆ ಗೊತ್ತಿರುತ್ತದೆ. ಆ ಸರಾಸರಿಯನ್ನು ಅದು ಪ್ರತಿಯೊಂದು ಶಂಕುಕೋಶದ ಬುಡಕ್ಕೂ ಹಿಂತಿರುಗಿ ತಿಳಿಸುತ್ತದೆ. ಸುತ್ತಲೂ ಬೆಳಕು ಹೆಚ್ಚಿದ್ದರೆ ನಡುವಿನ ಶಂಕುಕೋಶದ ಗ್ಲುಟಮೇಟ್ ಬಿಡುಗಡೆ ಏರುತ್ತದೆ, ಅಂದರೆ ಆ ಕೋಶ ತನ್ನ ಮೇಲೆ ಬಿದ್ದ ಬೆಳಕಿನ ಸುದ್ದಿಯನ್ನು ಸ್ವಲ್ಪ ಕುಗ್ಗಿಸಿ ಕಳಿಸುತ್ತದೆ. ವಸ್ತುವಿನ ಅಂಚು ಎದ್ದು ಕಾಣುವುದು, ಬಣ್ಣಗಳು ಒಂದಕ್ಕೊಂದು ವಿರುದ್ಧವಾಗಿ ತೋರುವುದು, ಬೆಳಗಿನಿಂದ ಮಧ್ಯಾಹ್ನಕ್ಕೆ ಬೆಳಕು ಎಷ್ಟೋ ಪಟ್ಟು ಏರಿದರೂ ಕಣ್ಣು ಕೋರೈಸದಿರುವುದು, ಇವಕ್ಕೆಲ್ಲ ಈ ಹಿಂಸುದ್ದಿಯ ನೆರವು ಬೇಕು. ಇಂಥ ಹಿಂಸುದ್ದಿ ಇದೆಯೆಂದು 1971ರಲ್ಲಿ ಬೇಲರ್, ಫ್ಯೂರ್ಟೆಸ್ ಮತ್ತು ಒಬ್ರಯನ್ ಆಮೆಯಲ್ಲಿ ತೋರಿಸಿದ್ದರು.

ಅದು ಶಂಕುಕೋಶದಲ್ಲಿ ಏನನ್ನು ಬದಲಿಸುತ್ತದೆ ಎಂಬುದಕ್ಕೆ ಸ್ಪಷ್ಟ ಉತ್ತರ ಬಂದದ್ದು 1996ರಲ್ಲಿ, ಗೋಲ್ಡ್‌ಫಿಶ್‌ನಿಂದ. ನೆದರ್‌ಲ್ಯಾಂಡ್ಸಿನ ವರ್ವೇ, ಕಮೆರ್ಮನ್ಸ್ ಮತ್ತು ಸ್ಪೆಕ್ರೈಸೆ ಅವರು ಶಂಕುಕೋಶದ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಕಟ್ಟಿಹಾಕಿ ಸುತ್ತಲಿನ ಅಕ್ಷಿಪಟಲಕ್ಕೆ ಬೆಳಕು ಬಿಟ್ಟಾಗ, ಕ್ಯಾಲ್ಸಿಯಂ ಚಾನಲ್ ತೆರೆದುಕೊಳ್ಳುವ ವೋಲ್ಟೇಜೇ ಕೆಲವು ಮಿಲಿವೋಲ್ಟ್‌ಗಳಷ್ಟು ಕೆಳಕ್ಕೆ ಸರಿಯಿತು. ಕೋಶದ ವೋಲ್ಟೇಜು ಬದಲಾಗಿರಲಿಲ್ಲ, ತೂಬಿನ ಮಟ್ಟ ಬದಲಾಗಿತ್ತು. ಕೆಲವೇ ಮಿಲಿವೋಲ್ಟ್ ಎಂದು ಹಗುರವಾಗಿ ಕಾಣಬಾರದು. ಕತ್ತಲೆಗೂ ಬೆಳಕಿಗೂ ನಡುವೆ ಶಂಕುಕೋಶ ಓಡಾಡುವ ಒಟ್ಟು ವ್ಯಾಪ್ತಿಯೇ ಇಪ್ಪತ್ತು ಮಿಲಿವೋಲ್ಟ್‌ನಷ್ಟು.

ಆದರೆ ಆ ಹಿಂಸುದ್ದಿಯನ್ನು ಒಯ್ಯುವುದು ಯಾವುದು? ರಿಸೆಪ್ಟರೇ?

ಬಹಳ ಕಾಲ ಎಲ್ಲರ ಊಹೆ ಗಾಬಾ ಎಂದೇ ಇತ್ತು, ಅದಕ್ಕೆ ಕಾರಣವೂ ಇತ್ತು. ಗೋಲ್ಡ್‌ಫಿಶ್‌ನ ಎಚ್1 ಎಂಬ ಅಡ್ಡಕೋಶಗಳು ಗಾಬಾವನ್ನು ಹೀರಿಕೊಳ್ಳುತ್ತವೆ, ಬಿಡುಗಡೆಯನ್ನೂ ಮಾಡುತ್ತವೆ. ಆಮೆಯ ಶಂಕುಕೋಶಗಳ ಮೇಲೆ ಗಾಬಾ ರಿಸೆಪ್ಟರ್‌ಗಳಿರುವುದನ್ನು ಕಾನೆಕೊ ಮತ್ತು ತಾಚಿಬಾನಾ ತೋರಿಸಿದ್ದರು. ಆದರೆ ಗಾಬಾ ರಿಸೆಪ್ಟರ್‌ಗಳನ್ನು ಔಷಧಿಯಿಂದ ಮುಚ್ಚಿದರೂ ಗೋಲ್ಡ್‌ಫಿಶ್‌ನ ಕ್ಯಾಲ್ಸಿಯಂ ಚಾನಲ್ ಹಿಂಸುದ್ದಿಗೆ ಸರಿಯುವುದು ನಿಲ್ಲಲಿಲ್ಲ.

ಎರಡನೆಯ ಉತ್ತರ 2001ರಲ್ಲಿ ಕಮೆರ್ಮನ್ಸ್ ಗುಂಪಿನಿಂದ ಬಂತು. ಅಡ್ಡಕೋಶದ ಎಳೆಗಳು ಶಂಕುಕೋಶದ ಬುಡದೊಳಗಿನ ಗುಳಿಯೊಂದರಲ್ಲಿ, ರಿಬ್ಬನ್‌ಗೆ ತೀರಾ ಹತ್ತಿರದಲ್ಲಿ ಹುದುಗಿಕೊಂಡಿರುತ್ತವೆ. ಅವುಗಳ ತುದಿಯಲ್ಲಿ ಕನೆಕ್ಸಿನ್ ಪ್ರೋಟೀನಿನ ಅರೆಚಾನಲ್‌ಗಳಿವೆ, ಅಂದರೆ ಕೋಶದಿಂದ ಸಂದಿಗೆ ತೆರೆಯುವ ರಂಧ್ರಗಳು. ಅವುಗಳ ಮೂಲಕ ಹರಿಯುವ ವಿದ್ಯುತ್ತು ಆ ಇಕ್ಕಟ್ಟಾದ ಸಂದಿನ ವೋಲ್ಟೇಜನ್ನು ತುಸು ಇಳಿಸುತ್ತದೆ. ಹೊರಗಿನ ವೋಲ್ಟೇಜು ಇಳಿದರೆ, ಒಳಗಿನದು ಏರಿದಂತೆಯೇ ಪೊರೆಯ ಚಾನಲ್‌ಗೆ ತೋರುತ್ತದೆ, ಅದು ಹೆಚ್ಚು ತೆರೆದುಕೊಳ್ಳುತ್ತದೆ. ಈ ವಿವರಣೆಯಲ್ಲಿ ರಾಸಾಯನಿಕವೂ ಇಲ್ಲ, ರಿಸೆಪ್ಟರೂ ಇಲ್ಲ. ಅರೆಚಾನಲ್ ಮುಚ್ಚಲು ಬಳಸಿದ ಕಾರ್ಬೆನಾಕ್ಸೊಲೋನ್ ಎಂಬ ಔಷಧಿಯು ಕ್ಯಾಲ್ಸಿಯಂ ಚಾನಲನ್ನೂ ನೇರವಾಗಿ ಕುಗ್ಗಿಸುತ್ತದೆ ಎಂದು ಬೇರೆಯವರು ತೋರಿಸಿದ್ದರಿಂದ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ.

ಮೂರನೆಯದು ಆಮ್ಲೀಯತೆ. ಸಂದಿನಲ್ಲಿ ಪ್ರೋಟಾನ್ ಹೆಚ್ಚಾದರೆ ಕ್ಯಾಲ್ಸಿಯಂ ಚಾನಲ್ ಕುಗ್ಗುತ್ತದೆ, ಕಡಿಮೆಯಾದರೆ ಹಿಗ್ಗುತ್ತದೆ. ಕತ್ತಲೆಯಲ್ಲಿ ಸಂದು ತುಸು ಹುಳಿಯಾಗಿರುತ್ತದೆ, ಸುತ್ತಲೂ ಬೆಳಕು ಬಿದ್ದರೆ ಆ ಹುಳಿ ತಗ್ಗುತ್ತದೆ. ಪಿಎಚ್ ಬದಲಾಗದಂತೆ ತಡೆಯುವ ಹೆಪಿಸ್ ಎಂಬ ಬಫರನ್ನು ದ್ರಾವಣಕ್ಕೆ ಬೆರೆಸಿದರೆ ಹಿಂಸುದ್ದಿ ಮಾಯವಾಗುವುದನ್ನು 2003ರಲ್ಲಿ ಹಿರಾಸಾವಾ ಮತ್ತು ಕಾನೆಕೊ ಕಂಡರು. 2014ರಲ್ಲಿ ಜೀಬ್ರಾ ಮೀನಿನ ಶಂಕುಕೋಶಗಳ ಬುಡದಲ್ಲೇ ಪಿಎಚ್ ಅಳೆಯುವ, ಹೊಳೆಯುವ ಪ್ರೋಟೀನೊಂದನ್ನು ಬೆಳೆಸಿ ಆ ಬದಲಾವಣೆಯನ್ನು ಕಣ್ಣಾರೆ ನೋಡುವುದೂ ಸಾಧ್ಯವಾಯಿತು.

ಅದೇ ವರ್ಷ ಜೀಬ್ರಾ ಮೀನಿನ ಮೇಲೆ ನಡೆದ ಇನ್ನೊಂದು ಕೆಲಸ ಎರಡನ್ನೂ ಒಂದೆಡೆ ತಂದಿತು. ವೇಗದ ಪಾಲು ಕನೆಕ್ಸಿನ್ ಅರೆಚಾನಲ್‌ಗಳ ವಿದ್ಯುತ್ತಿನದು. ನಿಧಾನದ ಪಾಲು ಪ್ಯಾನೆಕ್ಸಿನ್ ಎಂಬ ಇನ್ನೊಂದು ಚಾನಲಿನದು. ಅದರ ಮೂಲಕ ಹೊರಬಂದ ಎಟಿಪಿ ಎಂಬ ಅಣು ಸಂದಿನಲ್ಲಿ ಒಡೆದು ಫಾಸ್ಫೇಟ್ ಮತ್ತು ಪ್ರೋಟಾನ್‌ಗಳಾಗಿ ಪಿಎಚ್ ಹಿಡಿದಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಮೂರು ದಶಕದ ವಾದ ಯಾರೊಬ್ಬರ ಸೋಲಿನಲ್ಲೂ ಮುಗಿಯದೆ ಎರಡು ವೇಗಗಳ ಉತ್ತರಕ್ಕೆ ಬಂದು ನಿಂತದ್ದೇ ಈ ಕ್ಷೇತ್ರದ ಅತ್ಯಂತ ತೃಪ್ತಿಕರ ಘಟ್ಟ.

ಹಾಗಾದರೆ ಗಾಬಾ ರಿಸೆಪ್ಟರ್‌ಗಳಿಗೆ ಕೆಲಸವೇ ಇಲ್ಲವೇ?

ಇದೆ, ಆದರೆ ಅದು ಒಯ್ಯುವ ಕೆಲಸಕ್ಕಿಂತ ಹದಗೊಳಿಸುವ ಕೆಲಸ. ಗಾಬಾ ರಿಸೆಪ್ಟರ್ ತೆರೆದರೆ ಕ್ಲೋರೈಡ್ ಹಾದಿಯೊಂದು ತೆರೆದಂತಾಗಿ ಅಡ್ಡಕೋಶದ ಮೇಲಾಗಲಿ ಶಂಕುಕೋಶದ ಮೇಲಾಗಲಿ ಬೇರೆ ಸಂಕೇತಗಳ ಬಲ ಬದಲಾಗುತ್ತದೆ.

ಡೋಪಮಿನ್‌ನ ಪಾತ್ರವೇನು?

ಡೋಪಮಿನ್ ಒಂದು ಕ್ಷಣದ ಬೆಳಕಿಗಲ್ಲ, ಇಡೀ ದಿನದ ಹೊತ್ತಿಗೆ ಸ್ಪಂದಿಸುವ ನೀರುಗಂಟಿ. ಎಲುಬುಮೀನುಗಳಲ್ಲಿ ಅದನ್ನು ಬಿಡುಗಡೆ ಮಾಡುವುದು ಇಂಟರ್‌ಪ್ಲೆಕ್ಸಿಫಾರ್ಮ್ ಎಂಬ ಕೋಶಗಳು. ಇವುಗಳ ಎಳೆಗಳು ಅಕ್ಷಿಪಟಲದ ಒಳಪದರದಿಂದ ಹೊರಪದರದವರೆಗೆ ಚಾಚಿಕೊಂಡಿರುತ್ತವೆ. ದ್ಯುತಿಗ್ರಾಹಿಗಳ ಮೇಲಿರುವುದು ಡಿ2 ಕುಟುಂಬಕ್ಕೆ ಸೇರಿದ ಡಿ4 ರಿಸೆಪ್ಟರ್. ಅದಕ್ಕೆ ಡೋಪಮಿನ್ ಅಂಟಿದರೆ ಕೋಶದೊಳಗೆ ಸಂದೇಶ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣು ತಗ್ಗುತ್ತದೆ. ಅಡ್ಡಕೋಶಗಳ ಮೇಲಿರುವುದು ಡಿ1. ಅದು ಸೈಕ್ಲಿಕ್ ಎಎಂಪಿಯನ್ನು ಏರಿಸಿ ಅಡ್ಡಕೋಶಗಳ ಪರಸ್ಪರ ವಿದ್ಯುತ್ ಸಂಪರ್ಕವನ್ನು ಕಡಿಮೆ ಮಾಡುತ್ತದೆ. ಒಂದೇ ಅಣು ಎರಡು ಕಡೆ ಎದುರುಬದುರು ಕೆಲಸ ಮಾಡುವುದನ್ನು ವಿದ್ಯಾರ್ಥಿಗಳು ತಪ್ಪೆಂದು ತಿದ್ದಿಕೊಂಡು ಬರುವುದುಂಟು. ಅದು ತಪ್ಪಲ್ಲ, ಅಣುವಿನ ಅರ್ಥ ನಿರ್ಧಾರವಾಗುವುದು ರಿಸೆಪ್ಟರಿನಲ್ಲಿ.

2008ರಲ್ಲಿ ರಿಬೆಲೈಗಾ, ಕಾವ್ ಮತ್ತು ಮ್ಯಾಂಗಲ್ ಗೋಲ್ಡ್‌ಫಿಶ್‌ನಲ್ಲಿ ತೋರಿಸಿದ್ದು ಇದನ್ನು. ಅಕ್ಷಿಪಟಲಕ್ಕೆ ತನ್ನದೇ ಆದ ಜೈವಿಕ ಗಡಿಯಾರವಿದೆ. ಹಗಲಿನಲ್ಲಿ ಅದು ಡೋಪಮಿನ್ ಮಟ್ಟವನ್ನು ಏರಿಸಿ, ಡಿ4 ಮೂಲಕ ದಂಡಕೋಶಕ್ಕೂ ಶಂಕುಕೋಶಕ್ಕೂ ನಡುವಿನ ಗ್ಯಾಪ್ ಜಂಕ್ಷನ್ ಎಂಬ ನೇರ ವಿದ್ಯುತ್ ಸಂಪರ್ಕಗಳನ್ನು ದುರ್ಬಲಗೊಳಿಸುತ್ತದೆ. ರಾತ್ರಿ ಡೋಪಮಿನ್ ಇಳಿದಾಗ ಆ ಸಂಪರ್ಕಗಳು ತೆರೆದುಕೊಂಡು, ದಂಡಕೋಶ ಹಿಡಿದ ಮಂದ ಬೆಳಕಿನ ಸಂಕೇತ ಶಂಕುಕೋಶದೊಳಕ್ಕೂ ಹರಿಯುತ್ತದೆ. ಆಗ ಶಂಕುಕೋಶದ ಬುಡದಿಂದ ಹೊರಬೀಳುವ ಗ್ಲುಟಮೇಟ್ ತಾನು ಕಾಣದಷ್ಟು ಮಂಕಾದ ಬೆಳಕಿಗೂ ಏರಿಳಿಯುತ್ತದೆ.

ಅಡಿನೋಸಿನ್ ಇದರ ಎದುರುಪಕ್ಷ. ಕತ್ತಲೆಯಲ್ಲಿ ಅದರ ಮಟ್ಟ ಏರುತ್ತದೆ, ಎ2 ರಿಸೆಪ್ಟರ್ ಮೂಲಕ ಅದು ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ.

ಡೋಪಮಿನ್‌ನ ಪರಿಣಾಮವನ್ನು ಸೂಕ್ಷ್ಮದರ್ಶಕದಲ್ಲಿ ಆಕಾರವಾಗಿಯೇ ಕಾಣಬಹುದು. ಮೀನಿನ ಕಣ್ಣಿನ ಪಾಪೆ ಹೆಚ್ಚಾಗಿ ಕಿರಿದಾಗುವುದಿಲ್ಲ. ಅದಕ್ಕೆ ಬದಲಾಗಿ ಬೆಳಕಿನಲ್ಲಿ ಶಂಕುಕೋಶಗಳು ಕುಗ್ಗಿ ದಂಡಕೋಶಗಳು ನೀಳವಾಗಿ ಕಪ್ಪು ವರ್ಣಕದ ಮರೆ ಸೇರುತ್ತವೆ, ಕತ್ತಲೆಯಲ್ಲಿ ಇದು ತಿರುಗುಮುರುಗು. ಗ್ರೀನ್ ಸನ್‌ಫಿಶ್‌ನ ಅಕ್ಷಿಪಟಲಕ್ಕೆ ಕತ್ತಲೆಯಲ್ಲೇ ಡೋಪಮಿನ್ ಕೊಟ್ಟರೂ ಬೆಳಕು ಬಿದ್ದಂತೆ ಶಂಕುಕೋಶಗಳು ಕುಗ್ಗುತ್ತವೆ.

ಕ್ಯಾನಬಿನಾಯ್ಡ್ ರಿಸೆಪ್ಟರ್‌ಗಳೂ ಇವೆಯಂತೆ, ನಿಜವೇ?

ನಿಜ. ಗಾಂಜಾದಲ್ಲಿರುವಂಥ ಸಂಯುಕ್ತಗಳಿಗೆ ಸ್ಪಂದಿಸುವ ಸಿಬಿ1 ರಿಸೆಪ್ಟರ್ ಗೋಲ್ಡ್‌ಫಿಶ್ ಶಂಕುಕೋಶದ ಬುಡದಲ್ಲಿದೆ. ಅದನ್ನು ಪ್ರಚೋದಿಸುವ ಸಂಯುಕ್ತವನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಕ್ಯಾಲ್ಸಿಯಂ ವಿದ್ಯುತ್ತು ಏರುತ್ತದೆ, ಹೆಚ್ಚು ಕೊಟ್ಟರೆ ಇಳಿಯುತ್ತದೆ. ಇಂಥದ್ದೊಂದು ವಸ್ತು ಬಿಡುಗಡೆಯನ್ನು ಹೆಚ್ಚಿಸುತ್ತದೆಯೇ ಎಂದು ಕೇಳುವಾಗ ಪ್ರಮಾಣವೆಷ್ಟು ಎಂದೂ ಕೇಳಲೇಬೇಕು.

ಬೆಂಗಳೂರಿನ ಕಾಲೇಜು ವಿದ್ಯಾರ್ಥಿ ಇದರಲ್ಲಿ ಏನನ್ನಾದರೂ ಕಣ್ಣಿನಿಂದ ನೋಡಬಹುದೇ?

ವಿದ್ಯುತ್ತಿನ ಅಳತೆ ಸಾಧ್ಯವಿಲ್ಲ, ರಚನೆಯನ್ನು ನೋಡಬಹುದು. ನಾನು ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಅಡುಗೆಗೆಂದು ಮಾರುವ ರೋಹು ಅಥವಾ ಕಾಟ್ಲಾದ ತಲೆ ತಂದು ಮಕ್ಕಳ ಮುಂದಿಡುತ್ತೇನೆ. ಕಣ್ಣನ್ನು ನಡುಮಧ್ಯೆ ಕತ್ತರಿಸಿದರೆ ಮೊದಲು ಉರುಳಿ ಬರುವುದು ಗುಂಡಾದ ಮಸೂರ. ಸಾರಿನಲ್ಲಿ ಬೆಂದ ಮೀನಿನ ತಲೆಯಲ್ಲಿ ಹಲ್ಲಿಗೆ ಸಿಗುವ ಬಿಳಿ ಮುತ್ತು ಅದೇ. ಹಿಂಬದಿಯ ಬಟ್ಟಲಿನಲ್ಲಿ ಒದ್ದೆ ಕಾಗದದಂತೆ ಬೂದು ಬಣ್ಣದ ಪದರವೊಂದು ಕಾಣುತ್ತದೆ, ಅದು ಅಕ್ಷಿಪಟಲ. ಚಿಮುಟದಿಂದ ಮೆಲ್ಲಗೆ ಎತ್ತಿದರೆ ಅದರ ಬೆನ್ನಿಗೆ ಇದ್ದಿಲಿನಂಥ ಕಪ್ಪು ಅಂಟಿಕೊಂಡು ಬರುತ್ತದೆ.

ಬೆಳಕಿನಲ್ಲಿದ್ದ ಮೀನಿನ ದ್ಯುತಿಗ್ರಾಹಿಗಳ ನಡುವೆ ಆ ಕಪ್ಪು ವರ್ಣಕ ಒಳನುಗ್ಗಿ ಹಿಡಿದುಕೊಂಡಿರುವುದರಿಂದ ಅಕ್ಷಿಪಟಲ ಶುಚಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಪ್ರಯೋಗಾಲಯಗಳಲ್ಲಿ ಮೀನನ್ನು ಮೊದಲು ಕತ್ತಲೆಯಲ್ಲಿಟ್ಟು, ವರ್ಣಕ ಹಿಂದೆ ಸರಿದ ಮೇಲೆ ಅಕ್ಷಿಪಟಲವನ್ನು ತೆಗೆಯುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಕೆಲಸಕ್ಕೆ ಮೀನೇ ಏಕೆ?

ಶಂಕುಕೋಶಗಳು ದೊಡ್ಡವು, ಬಗೆಗಳೂ ಹೆಚ್ಚು. ನಮಗೆ ಮೂರು ಬಗೆಯ ಶಂಕುಕೋಶಗಳಿದ್ದರೆ ಗೋಲ್ಡ್‌ಫಿಶ್‌ಗೂ ಜೀಬ್ರಾ ಮೀನಿಗೂ ನಾಲ್ಕು, ನೇರಳಾತೀತ ಬೆಳಕಿಗೂ ಒಂದು. ಬೆಳಗಿನ ಕೆರೆಯ ನೀರಿನಲ್ಲಿ ಬಣ್ಣ ಹುಡುಕಬೇಕಾದ ಪ್ರಾಣಿಯ ಅಕ್ಷಿಪಟಲ ಸರಳವಾಗಿರಲಾರದು. ಜೀಬ್ರಾ ಮೀನು ಭಾರತ, ಬಾಂಗ್ಲಾದೇಶ, ನೇಪಾಳಗಳ ತೊರೆಗಳದ್ದೇ ಮೀನು. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಅದನ್ನು ಮೊದಲು ವರ್ಣಿಸಿದರು. ನಮ್ಮ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ನರವ್ಯೂಹದ ಅಧ್ಯಯನಕ್ಕೆ ಇದನ್ನು ಸಾಕುತ್ತಾರೆ. 2013ರಲ್ಲಿ ಪ್ರಕಟವಾದ ಜೀನೋಮ್ ಪ್ರಕಾರ ಮನುಷ್ಯನ ವಂಶವಾಹಿಗಳಲ್ಲಿ ಸುಮಾರು 70 ಶೇಕಡಾಕ್ಕೆ ಈ ಮೀನಿನಲ್ಲಿ ಜೊತೆಯ ವಂಶವಾಹಿ ಇದೆ.

ಇದರಿಂದ ಮನುಷ್ಯರ ಕಣ್ಣಿನ ಕಾಯಿಲೆಗಳ ಬಗ್ಗೆ ಏನಾದರೂ ತಿಳಿಯುತ್ತದೆಯೇ?

ತಿಳಿಯುತ್ತದೆ. ದ್ಯುತಿಗ್ರಾಹಿಯ ಬುಡದ ಕ್ಯಾಲ್ಸಿಯಂ ಚಾನಲನ್ನು ಕಟ್ಟುವ ವಂಶವಾಹಿಗೆ ಮನುಷ್ಯರಲ್ಲಿ ದೋಷ ಬಂದರೆ ಹುಟ್ಟಿನಿಂದಲೇ ಒಂದು ಬಗೆಯ ಇರುಳುಗುರುಡು ಉಂಟಾಗುತ್ತದೆ ಎಂದು 1998ರಲ್ಲಿ ಪತ್ತೆಯಾಯಿತು. ಆ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸುತ್ತದೆ. ಅದೇ ವಂಶವಾಹಿಯ ಜೋಡಿ ಕೆಟ್ಟಿರುವ ಜೀಬ್ರಾ ಮೀನಿನಲ್ಲಿ ಶಂಕುಕೋಶದ ರಿಬ್ಬನ್‌ಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಆ ಮಕ್ಕಳ ಕಣ್ಣು ಬೆಳಕನ್ನು ಹಿಡಿಯುತ್ತದೆ, ತೊಂದರೆ ಇರುವುದು ಸುದ್ದಿಯನ್ನು ಹೊರಬಿಡುವುದರಲ್ಲಿ. ಪೋಷಕರಿಗೆ ಇದನ್ನು ವಿವರಿಸುವಾಗ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದು ಅಗತ್ಯವೆಂದು ನಾನು ಭಾವಿಸುತ್ತೇನೆ.

ಮನೆಯ ಅಕ್ವೇರಿಯಂನ ದೀಪವನ್ನು ರಾತ್ರಿಯೂ ಉರಿಸಿಡಬಹುದೇ?

ಬೇಡ. ಗೋಲ್ಡ್‌ಫಿಶ್‌ನಲ್ಲಿ ರಾತ್ರಿ ತೆರೆದುಕೊಳ್ಳುವ ದಂಡ-ಶಂಕು ಸಂಪರ್ಕಗಳನ್ನು ಪ್ರಖರ ಬೆಳಕು ಡೋಪಮಿನ್ ಮೂಲಕ ಮತ್ತೆ ಕುಗ್ಗಿಸುತ್ತದೆ. ಜೀಬ್ರಾ ಮೀನಿನ ಮರಿಗಳ ದ್ಯುತಿಗ್ರಾಹಿಗಳಲ್ಲಂತೂ ರಾತ್ರಿ ಕತ್ತಲೆಯಲ್ಲಿ ರಿಬ್ಬನ್‌ಗಳೇ ಕಳಚಿಹೋಗಿ ಮರಿಗಳು ಬೆಳಕಿಗೆ ಸ್ಪಂದಿಸುವುದನ್ನೇ ನಿಲ್ಲಿಸುತ್ತವೆ ಎಂದು 2010ರ ಅಧ್ಯಯನವೊಂದು ತೋರಿಸಿದೆ. ಬೆಳಗಾಗುವಾಗ ಅವು ಮತ್ತೆ ಕಟ್ಟಿಕೊಳ್ಳುತ್ತವೆ. ರಾತ್ರಿ ಊಟ ಮುಗಿಸಿ ಕೋಣೆಯ ದೀಪ ಆರಿಸುವಾಗ ತೊಟ್ಟಿಯ ದೀಪವನ್ನೂ ಆರಿಸಿ, ಬೆಳಗ್ಗೆ ಮೊದಲು ಕೋಣೆಯ ಬೆಳಕು ಬಂದು ಸ್ವಲ್ಪ ಹೊತ್ತಾದ ಮೇಲೆ ತೊಟ್ಟಿಯದನ್ನು ಹಾಕಿದರೆ ಆ ಬದಲಾವಣೆಗೆ ಬೇಕಾದ ಸಮಯ ಅವುಗಳಿಗೆ ಸಿಗುತ್ತದೆ.